ಕಿತ್ತಳೆ, ಕಿತ್ತಳೆ, ಕಂದು

ಸುಂಟಿಕೊಪ್ಪದಲ್ಲಿ ಕರೆಂಟು ಬಂದು ಹೋಗುವ ಹೊತ್ತು
ದೇಚಮ್ಮ ಬಂದಳು, ಸ್ಕೂಲುಬ್ಯಾಗಿನಲ್ಲಿ
ಟವೆಲು ಸುತ್ತಿದ ಹಳೆಯ ಕೈಗೇಮು.
ಸಂತೆಯ ಗುಜರಿಯವ ನೂರೈವತ್ತಕ್ಕೆ ಕೊಟ್ಟನಂತೆ.
ಅವಳ ವಯಸ್ಸಿನ ಎರಡರಷ್ಟು ಅದರ ವಯಸ್ಸು.
"ಐತಪ್ಪಣ್ಣ, ಗುಂಡಿಗಳ ಕೆಳಗೆ ದೀಪ ಹಾಕಿಕೊಡಿ.
ಹಸಿರು. ಹಸಿರೇ ಬೇಕು."

ಆರು ತಿರುಪು. ಒಂದರ ತಲೆ ಸವೆದಿತ್ತು,
ರಬ್ಬರ್‌ಬ್ಯಾಂಡ್ ಒತ್ತಿಟ್ಟು ತಿರುಗಿಸಿದೆ.
ಒಳಗೆ ಸೋರಿದ ಸೆಲ್ಲಿನ ಉಪ್ಪು,
ಒಣಗಿದ ಒಂದು ಇರುವೆ,
ಯಾರದೋ ಬಿಸ್ಕತ್ತಿನ ಪುಡಿ.

ಎಲ್‌ಇಡಿ ಅಂದರೆ ಹಸಿದ ಹುಡುಗ ಮಗಾ,
ಬಡಿಸಿದಷ್ಟೂ ತಿನ್ನುತ್ತಾನೆ, ತಿಂದೇ ಸಾಯುತ್ತಾನೆ.
ಅದಕ್ಕೇ ದಾರಿಯಲ್ಲೊಂದು ರೆಸಿಸ್ಟರ್,
ಮದುವೆಮನೆಯಲ್ಲಿ ತುಂಡಿನ ಸೌಟು ಹಿಡಿದು ನಿಂತ
ಕೈಬಿಗಿಯ ಚಿಕ್ಕಪ್ಪನ ಹಾಗೆ.
ದೀಪಕ್ಕೊಬ್ಬ ಚಿಕ್ಕಪ್ಪ. ಹಂಚಿಕೊಳ್ಳುವಂತಿಲ್ಲ.

ಅವಳ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದೆ:
ಬರುವುದು ಐದು ವೋಲ್ಟು, ದೀಪದ ಪಾಲು ಎರಡು,
ಮಿಕ್ಕ ಮೂರನ್ನು ಹತ್ತು ಮಿಲಿಆಂಪಿನಿಂದ ಭಾಗಿಸು.
"ಮುನ್ನೂರು," ಅಂದಳು, ನನ್ನ ಪೆನ್ನು ಏಳುವ ಮೊದಲೇ.
ಮುನ್ನೂರು ಅಂಗಡಿಯಲ್ಲಿಲ್ಲ, ಮುನ್ನೂರ ಮೂವತ್ತಿದೆ.
ಯಾವಾಗಲೂ ಮೇಲಕ್ಕೇ ಹತ್ತು, ಕೆಳಗಿಳಿಯಬೇಡ.
ಬೆಳಕು ಚೂರು ಕಮ್ಮಿಯಾದರೆ ಯಾರೂ ಅಳುವುದಿಲ್ಲ.

ಡಬ್ಬಿಯನ್ನು ಅವಳ ಮುಂದೆ ಸುರಿದೆ.
ಅಕ್ಕಿಹುಳದ ಗಾತ್ರ, ಮೈತುಂಬ ಪಟ್ಟೆ.
"ಕಿತ್ತಳೆ, ಕಿತ್ತಳೆ, ಕಂದು. ಅಂಥವು ನಾಲ್ಕು ಆರಿಸು,"
ಅಂದೆ, ನಾನೇ ಆರಿಸಬಲ್ಲೆ, ಪುರುಸೊತ್ತಿಲ್ಲ ಅನ್ನುವವನ ಹಾಗೆ.

ಆರಿಸಲಾರೆ.

ಹನ್ನೊಂದರ ವಯಸ್ಸಿನಲ್ಲಿ ಲೈನ್‌ಮನೆಯಿಂದ
ಅಮ್ಮನ ಹಿಂದೆ ಅರೇಬಿಕಾ ಕುಯ್ಯಲು ಹೋದೆ.
ಹಣ್ಣು ಮಾತ್ರ, ಕಾಯಿ ಮುಟ್ಟಬಾರದು ಅಂದಿದ್ದರು ರೈಟರು.
ಗೊಂಚಲು ನೋಡಿದೆ. ಎಲ್ಲವೂ
ಮಣ್ಣಿಗೂ ಎಲೆಗೂ ನಡುವಿನ ಯಾವುದೋ ಒಂದು ಬಣ್ಣ.
ಒಂದೊಂದನ್ನೂ ಹಿಚುಕಿ ನೋಡಿದೆ, ಮೆತ್ತಗಿದ್ದರೆ ಹಣ್ಣು.
ಸಂಜೆಗೆ ಎಲ್ಲರದೂ ಎರಡು ಚೀಲ, ನನ್ನದು ಕಾಲು.
ಮರುದಿನ ಬೇಗಬೇಗ ಕುಯ್ದೆ.
ನನ್ನ ಚೀಲವನ್ನು ಕಣದಲ್ಲಿ ಕವುಚಿ
ರೈಟರು ಎಲ್ಲರನ್ನೂ ಕರೆದು ತೋರಿಸಿದರು.
ಅಮ್ಮನ ಅರ್ಧ ದಿನದ ಕೂಲಿ ಹೋಯಿತು.
ಕುರುಡ ಅಂದರು.
ಅವರ ಕಿಸೆಯ ರೇಡಿಯೋ ಯಾಕೆ ಗೊರಗೊರ ಅನ್ನುತ್ತಿದೆಯೆಂದು
ಕುರುಡನಿಗೆ ಆಗಲೇ ಗೊತ್ತಿತ್ತು.

ಆಮೇಲೆ ಮೀಟರು ಬಂತು.
ಎರಡು ಕಡ್ಡಿ ತಾಗಿಸಿದರೆ ಸಂಖ್ಯೆ ಹೇಳುತ್ತದೆ.
ಸಂಖ್ಯೆಗೆ ಬಣ್ಣವಿಲ್ಲ.
ಇಪ್ಪತ್ತೆರಡು ವರ್ಷ, ಗಿರಾಕಿಗಳು ಆಚೆ ನೋಡುವಾಗ ಅಳೆದು
ಈಚೆ ನೋಡುವಾಗ ಪಟ್ಟೆ ಓದಿದಂತೆ ನಟಿಸಿದ್ದೇನೆ.
ಇವತ್ತು ಮೀಟರಿನ ಬ್ಯಾಟರಿ ಸತ್ತಿತ್ತು. ಅಷ್ಟೇ.

ದೇಚಮ್ಮ ಒಂದನ್ನೆತ್ತಿ, "ಇದು ಕೆಂಪಲ್ವಾ?" ಅಂದಳು.
"ಹೂಂ, ಕೆಂಪು."
"ಅಲ್ಲ. ಕಿತ್ತಳೆ," ಅಂದು ನನ್ನ ಮುಖ ನೋಡಿದಳು.
ಸೋಲ್ಡರಿಂಗ್ ಕಡ್ಡಿ ಕಾಯುವವರೆಗೆ
ಇಬ್ಬರೂ ಮಾತಾಡಲಿಲ್ಲ.

ಬೆಸೆದು, ನಾಲ್ಕು ಸೆಲ್ಲು ತುಂಬಿ ಒತ್ತಿದ್ದೇ
ಕರೆಂಟು ಹೋಯಿತು.
ಕತ್ತಲಲ್ಲಿ ಮುನ್ನೂರ ಮೂವತ್ತು ಕಣ್ಣಿಗೆ ಚುಚ್ಚಿತು.
ಲೆಕ್ಕ ಸರಿಯಿತ್ತು, ರಾತ್ರಿಯನ್ನು ಸೇರಿಸಿರಲಿಲ್ಲ.
ಬೆಳಕಿನ ಹೆಚ್ಚುಕಮ್ಮಿ ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಕರೆಂಟು ಬಂದಮೇಲೆ ಸಾವಿರಕ್ಕೆ ಏರಿಸಿದೆ.
"ಕಂದು, ಕಪ್ಪು, ಕೆಂಪು," ಅನ್ನುತ್ತ
ಅವಳೇ ಒಂದೊಂದಾಗಿ ಕೈಗಿಟ್ಟಳು, ಕೇಳದೆಯೇ.

ಶಟರು ಅರ್ಧ ಎಳೆದು ನೋಡಿದೆವು.
ನನಗೆ ಬೂದಿ ಮುಚ್ಚಿದ ಕೆಂಡ ಕಂಡಿತು.
"ಹಸಿರಾ?"
ಅವಳು ತಡೆದಳು.
"ಮೂರು ಕಾಯಿ. ಒಂದು ಹಣ್ಣು."
ಎಲ್ಲ ನೀರಿನ ಬಣ್ಣದ ತಲೆಯವು, ಡಬ್ಬಿಯಲ್ಲಿ ಬೆರೆತಿತ್ತೇನೋ.
"ಬಿಚ್ಚಿ ಬದಲಿಸಲಾ?"
"ಬೇಡ, ಇರಲಿ. ಬಲತುದಿಯದು."

ಬಲತುದಿಯ ಗುಂಡಿಯ ಮೇಲೆ ಬೆರಳಿಟ್ಟೆ.
ಮೆತ್ತಗಿತ್ತು.