ನೆನೆಹಾಕಿದ ಕಡಲೆ

ಮೇಜಿಗೊಂದು ಕನ್ನಡಿ ಅಂಟಿಸಿದ್ದಾರೆ,
ಅಂಗೈಯಗಲದ್ದು.
ಮಾತಾಡುವಾಗ ತುಟಿ ನೋಡಿಕೊಳ್ಳಬೇಕು.
ನಗು ಫೋನಿನಲ್ಲೂ ಕೇಳಿಸುತ್ತದಂತೆ,
ತರಬೇತಿಗೆ ಬಂದ ಬೊರ್ಹಾ ಹೇಳಿದ್ದು.
ಅವನ ಮೂವತ್ತೆರಡು ಹಲ್ಲೂ ಹೌದು ಎಂದವು.

ನಾವು ಮಾರುವುದು ಸಾವಿನ ವಿಮೆ.
ಪೆಟ್ಟಿಗೆ, ಹೂವು, ಗೋಡೆಯಲ್ಲೊಂದು ಗೋರಿಗೂಡು,
ತಿಂಗಳಿಗೆ ಹನ್ನೊಂದು ಯೂರೋ.
ಸತ್ತಾಗ ಫೋನು ನಮಗೇ ಬರುತ್ತದೆ.
ಶುಭೋದಯ, ನಾನು ಒರೋಸಿಯಾ, ಎನ್ನುತ್ತೇನೆ.
ಕನ್ನಡಿಯಲ್ಲಿ ಯಾರೋ ಹಲ್ಲು ಕಿರಿಯುತ್ತಾಳೆ.

ಬೆಳಿಗ್ಗೆ ಕಂಪ್ಯೂಟರ್ ತೆರೆದೊಡನೆ ಐದು ಮುಖ:
ಇವತ್ತು ಹೇಗಿದ್ದೀರಿ?
ಜ್ವರವಿದ್ದ ಒಂದು ದಿನ ಮೂರನೆಯದನ್ನು ಒತ್ತಿದೆ.
ಹತ್ತು ನಿಮಿಷಕ್ಕೆ ಬೊರ್ಹಾ ಬಂದ,
ಕಿತ್ತಳೆ ಬಣ್ಣದ ಸ್ಪಂಜಿನ ಚೆಂಡು ಕೊಟ್ಟು ಹಿಸುಕು ಅಂದ,
ಹಿಗ್ಗು ಒಳಗಿಂದ ಬರಬೇಕು ಅಂದ.
ಒಳಗೆ ಎಂದರೆ ಎಲ್ಲಿ? ಅಲ್ಲಿರುವುದು ನಾಲ್ಕು ಗಂಟೆ ನಿದ್ದೆ,
ಹಲ್ಲು ಮೂಡುತ್ತಿರುವ ಮಗುವಿನ ಅಳು, ಬಾಡಿಗೆ.
ಅಂದಿನಿಂದ ಐದನೆಯದು. ಕಣ್ಣು ಮುಚ್ಚಿ ಐದನೆಯದು.

ಗುರುವಾರ, ಊಟಕ್ಕೆ ಮೊದಲಿನ ಕೊನೆಯ ಕರೆ.
ತೆರುವೆಲ್ ಕಡೆಯ ಹಳ್ಳಿ. ಮುದುಕ.
ಹೆಂಡತಿ ಬೆಳಗಿನ ಜಾವ ಹೋದಳು ಎಂದ,
ಅಂಗಡಿಗೆ ಹೋದಳು ಎಂಬಂತೆ.
ಪಾಲಿಸಿ ಸಂಖ್ಯೆ ಓದಿದ. ಒಂದಂಕಿ ಕಡಿಮೆಯಿತ್ತು.
ಆಮೇಲೆ:
"ಮಗಳೇ, ನಗುತ್ತಿದ್ದೀಯಾ?"

ಕನ್ನಡಿ ಕಿತ್ತೆ. ಸುಲಭಕ್ಕೆ ಬರಲಿಲ್ಲ,
ಒಂದು ಉಗುರು ಹೋಯಿತು.
ಇಲ್ಲ, ಅಂದೆ. ಸುಸ್ತಾಗಿದೆ, ಅಂದೆ.
ಹ್ಞೂ, ಅಂದ.
ಗಾಳಿ ಬೀಸುತ್ತಿತ್ತು, ಅವನ ಕಿಟಕಿಯಲ್ಲೋ ನನ್ನದರಲ್ಲೋ.
ಅದೇ ಸಿಯೆರ್ಸೋ,
ಸರಗೋಸಾದವರ ಕಿವಿ ಕೊರೆಯುವ ಒಣಗಾಳಿ.

"ರಾತ್ರಿ ಅವಳು ಕಡಲೆ ನೆನೆಹಾಕಿದ್ದಾಳೆ.
ಏನು ಮಾಡಲಿ?"

ನಮಗೆ ಬರೆದುಕೊಟ್ಟ ಉತ್ತರಗಳಲ್ಲಿ ಇದಿರಲಿಲ್ಲ.
ನೀರು ಬಸಿಯಿರಿ, ಅಂದೆ. ಬಿಸಿನೀರಿಗೇ ಹಾಕಿ, ತಣ್ಣೀರಿಗಲ್ಲ.
ಒಂದು ಮೂಳೆ, ಲಾರೆಲ್ ಎಲೆ. ಉಪ್ಪು ಕೊನೆಗೆ.
ಎರಡು ಗಂಟೆ ಬೇಯಲಿ,
ಅಷ್ಟರಲ್ಲಿ ನಮ್ಮ ಜನ ಬರುತ್ತಾರೆ.
ಒಬ್ಬನಿಗಾದರೆ ಎಷ್ಟು ತೆಗೆದುಕೊಳ್ಳಲಿ, ಎಂದು ಕೇಳಿದ.
ಅದನ್ನು ಹೇಳಲಾಗಲಿಲ್ಲ.

ಕರೆಯ ಅವಧಿ: ಹನ್ನೆರಡು ನಿಮಿಷ. ಮಿತಿ ನಾಲ್ಕು.
ನಗುವಿನ ಅಂಕ: ಸೊನ್ನೆ.

ಟ್ರಾಮಿನಲ್ಲಿ ನಿಂತೇ ಬಂದೆ. ಕೆಳಗೆ ಎಬ್ರೊ, ಹಾಲು ಕಡಿಮೆಯಾದ ಕಾಫಿ.
ಮಗು ಮಲಗಿತ್ತು, ಅಮ್ಮನೂ, ಟೀವಿ ಆರಿಸದೆ.
ದೀಪ ಹಾಕದೆ ಒಂದು ಹಿಡಿ ಕಡಲೆ ನೀರಿಗೆ ಸುರಿದೆ.
ಟಪಟಪ ತಳ ಮುಟ್ಟಿದವು.
ಚಪ್ಪಲಿ ಬಿಟ್ಟೆ. ಆಮೇಲೆ ಮುಖವನ್ನೂ.

ಬೆಳಗಿಗೆ ಅವು ಹಿಗ್ಗಿರುತ್ತವೆ,
ಹಿಗ್ಗಿ ಎಂದು ಯಾರೂ ಹೇಳದೆ.
ಅಲಾರಾಂ ಐದೂವರೆಗೆ.