ಆರನೇ ನಂಬರಿನ ಬೂಟು

ಚಪ್ಪಲಿ ಈಸಿಕೊಂಡು ಬೂಟು ಕೊಡುವುದು ನನ್ನ ಕೆಲಸ.
ಹೆಸರಿಗೆ ದೊಡ್ಡಕೆರೆ ಮೈದಾನ,
ಕೆರೆ ಹೋಗಿ ಎಷ್ಟು ಕಾಲವಾಯಿತೋ.
ಹಪ್ಪಳದಂಗಡಿಯ ಹಿಂದೆ, ಈ ಮಾಗಿಯಲ್ಲಿ ಯಾರೋ ಹಾಸಿದ್ದಾರೆ
ಒಂದು ಕಲ್ಯಾಣಮಂಟಪದಷ್ಟಗಲ ಐಸು.
ಮೇಲೆ ಬಯಲು, ಆಕಾಶ, ದೂರಕ್ಕೆ ಬೆಟ್ಟದ ದೀಪ.
ಪಕ್ಕದಲ್ಲಿ ಜನರೇಟರಿನ ಗುರುಗುರು.

ಮಧ್ಯಾಹ್ನ ಮೂರಕ್ಕೆ ಕೆರೆ ವಾಪಸ್ಸು ಬರುತ್ತದೆ.
ಕಾಗೆಗಳು ಮೀಯುತ್ತವೆ. ಸಲೀಮ ಬಯ್ಯುತ್ತಾ ನೀರು ತಳ್ಳುತ್ತಾನೆ.
ಏಳು ದಾಟಿ, ಗಾಳಿಗೆ ಹಲ್ಲು ಬಂದ ಮೇಲೆ
ತಾನೇ ಬಿಗಿಯುತ್ತದೆ, ಮುನಿದ ಮುಖದ ಹಾಗೆ.

ಅಬ್ಬಾ ಇದ್ದಿದ್ದರೆ ನಗುತ್ತಿದ್ದರು.
ಮಂಡಿ ಮೊಹಲ್ಲಾದ ಐಸ್ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ
ಅಚ್ಚಿನಿಂದ ಗಡ್ಡೆ ಎತ್ತಿ, ಮರದ ಹೊಟ್ಟು ಮೆತ್ತಿ, ಗೋಣಿ ಹೊದಿಸಿ
ಮೀನಿಗೆ, ಸೋಡಾಕ್ಕೆ, ಒಮ್ಮೊಮ್ಮೆ ಹೆಣಕ್ಕೆ
ಕಳಿಸಿದವರು.
ಐಸೆಂದರೆ ಹೊರುವುದು.
ಹೆಗಲ ಮೇಲೆ ಅದು ಸುಡುತ್ತದೆ ಅನ್ನುತ್ತಿದ್ದರು,
ನಾವು ನಂಬುತ್ತಿರಲಿಲ್ಲ.

ಮುಖ ನೋಡುವುದಿಲ್ಲ ನಾನು. ಕಾಲು ನೋಡುತ್ತೇನೆ.
ಹೆಬ್ಬೆರಳ ಕಡೆ ಸವೆದ ಹವಾಯಿ,
ಕಾಲುಂಗುರಕ್ಕೆ ಸಿಕ್ಕಿ ದಾರ ಬಿಟ್ಟ ಸಾಕ್ಸು,
ಪಾಂಡವಪುರದಿಂದ ಕಾರು ಮಾಡಿಕೊಂಡು ಬಂದವರ
ಹಿಮ್ಮಡಿಗೆ ಅಂಟಿದ ಕಬ್ಬಿನ ಗದ್ದೆಯ ಕೆಸರು.
ನಜರಬಾದಿನ ಗರಡಿಯ ಹುಡುಗ, ಮುತ್ತಜ್ಜನ ಕಾಲದಿಂದ ಜಟ್ಟಿಗಳು,
ಎದೆಯುಬ್ಬಿಸಿ ಇಳಿದ, ಮೂರನೇ ಹೆಜ್ಜೆಗೆ ಬಿದ್ದ.
ಮೀಸೆ ಮಣ್ಣಾಗಲಿಲ್ಲ, ನಿಜ.
ಐಸಾಯಿತು.

ಅವಳು ಬಂದದ್ದು ಬುಧವಾರ, ಮುಚ್ಚಲು ಅರ್ಧ ಗಂಟೆ ಇರುವಾಗ.
ಖಾಕಿಯ ಮೇಲೆ ಕಂದು ಸ್ವೆಟರು. ಗುಂಡಿಯ ಸಂದಿಯಲ್ಲಿ ಹೆಸರು:
ಚಿಕ್ಕತಾಯಮ್ಮ ಕೆ.ಬಿ.
‘ಬನ್ನೂರು ಬಸ್ಸಿನೋಳು ಕಣವ್ವಾ. ದಿನಾ ಕಾಣ್ತದೆ ಈ ಬೆಳಕು.
ಏನದು, ವಸಿ ನೋಡವ ಅಂತ ಬಂದೆ.’
ದರದ ಬೋರ್ಡು ಓದಿದಳು. ‘ಬೆಳಗಿಂದ ಹೆಂಗಸ್ರಿಗೆಲ್ಲ ಸೊನ್ನೆ ಟಿಕೇಟು ಹರ್ದಿವ್ನಿ,
ನಂಗಿಲ್ಲಿ ಇನ್ನೂರಾ?’
ಆದರೂ ಕೊಟ್ಟಳು. ಎಲ್ಲ ಹತ್ತರ ನೋಟು.
ಚರ್ಮದ ಬ್ಯಾಗು ಕೌಂಟರಿನ ಮೇಲಿಟ್ಟಳು:
ಖಾಲಿ, ಆದರೂ ಚಿಲ್ಲರೆಯ ವಾಸನೆ.

ಆರನೇ ನಂಬರು. ದಾರ ಬಿಗಿಯಲು ನಾನೇ ಬಗ್ಗಿದೆ.
ಮೀನಖಂಡ ಮುಟ್ಟಿದರೆ ತೆಂಗಿನ ಬೊಡ್ಡೆ.
‘ಕಂಬಿ ಹಿಡ್ಕೊಳ್ಳಿ, ಅಕ್ಕಾ,’ ಅಂದೆ, ಎಲ್ಲರಿಗೂ ಅನ್ನುವಂತೆ.
‘ಕಂಬಿ ಹಿಡ್ಕಂಡ್ರೆ ಟಿಕೇಟು ಯಾರು ಕೊಡಾದು?’

ಇಳಿದಳು.

ಬೀಳಲಿಲ್ಲ. ಜಾರಿದ್ದೂ ಹೌದೋ ಅಲ್ಲವೋ:
ಮೊಣಕಾಲು ಚೂರೇ ಚೂರು ಮಡಿಸಿ, ಸೊಂಟ ಒಂದು ಮಗ್ಗುಲಿಗೆ ಬಿಟ್ಟುಕೊಟ್ಟು,
ಕಣ್ಣು ಹಿಂದಿನ ಸೀಟಿನ ಪಾಸಿನ ಹುಡುಗರ ಮೇಲಿಟ್ಟಂತೆ
ನಿಂತೇ ಇದ್ದಳು.
ನೆಲ ಹೋಗುತ್ತಿತ್ತು, ಅವಳಡಿಯಲ್ಲಿ.
ತಿರುವು ಎಡ ಭುಜಕ್ಕೆ ಮೊದಲು ಗೊತ್ತಾಯಿತು, ಆಮೇಲೆ ಕಾಲಿಗೆ.
ಕರಗಿ ಹೆಪ್ಪುಗಟ್ಟಿದ ಉಬ್ಬೊಂದು ಅಡ್ಡ ಬಂದಾಗ
ಆಲನಹಳ್ಳಿಯ ಹಂಪಿಗೆ ಏಳುವ ಹಾಗೆ ಎದ್ದು ಇಳಿದಳು.
ಬಾಗಿಲಲ್ಲಿ ಬಿದ್ದು ನಗುತ್ತಿದ್ದ ಕಾಲೇಜು ಹುಡುಗರಿಗೆ,
‘ಫುಟ್‌ಬೋರ್ಡಲ್ಲಿ ಕೂರಬ್ಯಾಡ್ರೋ, ಒಳೀಕೋಗಿ, ಒಳೀಕೆ!’
ಬಾಯಿತಪ್ಪಿ ಬಂದದ್ದು.
ಹುಡುಗರು ಸರಿದರೂ ಸರಿದರು.

ಸಲೀಮ ಹಾಡು ನಿಲ್ಲಿಸಿದ.
ಕೊಬ್ಬರಿ ತುರಿಯುವ ಸದ್ದು, ಅಷ್ಟೇ, ಇಡೀ ಮೈದಾನದಲ್ಲಿ.
ಹತ್ತೊಂಬತ್ತು ಸುತ್ತು. ಎಣಿಸುವುದು ನನ್ನ ಕೆಲಸವಲ್ಲ, ಎಣಿಸಿದೆ.

ಬೂಟು ಬಿಚ್ಚುವಾಗ ಪಾದ ಬಿಸಿಯಾಗಿತ್ತು.
‘ಇಪ್ಪತ್ತೆರಡು ವರ್ಸ ಆಯ್ತು. ಮನೇಲಿ, ಅಲ್ಲಾಡ್ದೆ ಇರೋ ನೆಲದ ಮೇಲೇ
ನಂಗೆ ತಲೆ ತಿರುಗಾದು,’ ಅಂದಳು.
ನನ್ನನ್ನು ನೋಡಿ, ‘ನೀನು?’
ನಾನು ಬೂಟಿನ ನೀರು ಒರೆಸುತ್ತಿದ್ದೆ.

ಎಲ್ಲರೂ ಹೋದರು. ಆರನೇ ನಂಬರನ್ನು ಏಳರ ಸಾಲಿನಲ್ಲಿಟ್ಟು, ತೆಗೆದು, ಆರಕ್ಕಿಟ್ಟೆ.
ಒಂದು ಮಗುವಿನ ಎಡಗಾಲ ಚಪ್ಪಲಿ ಮಾತ್ರ ಉಳಿದಿತ್ತು.
ದೀಪ ಆರಿಸುವ ಮುಂಚೆ
ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಬಳೆ ಮೇಲೆ ಸರಿಸಿ,
ಅಂಗೈ ಊರಿದೆ.
ತೆಗೆಯಲಿಲ್ಲ, ತುಂಬ ಹೊತ್ತು.

ಸುಡುತ್ತದೆ, ಅಬ್ಬಾ.

ಗೇಟಿನಿಂದ ಸಲೀಮ ಕೂಗುತ್ತಿದ್ದ: ಕೊನೇ ಬಸ್ಸು.