ಮುಗಿಗೆ ಬೇಕಾದ್ದು

ಹಾಕೊದಾತೆಯಲ್ಲಿ ಮಾರ್ಚ್ ಅಂದರೆ
ಹಿಮ ಇನ್ನೂ ಜಾಗ ಬಿಡದ ಹಳೆಯ ಬಾಡಿಗೆದಾರ.
ರಸ್ತೆಯ ಎರಡೂ ಬದಿ ಮಸಿಗಟ್ಟಿದ ರಾಶಿ,
ನಡುವೆ ಉಪ್ಪು ಚೆಲ್ಲಿದ ಕಿರುದಾರಿ.
ಮೂವತ್ತೆಂಟು ವರ್ಷ ಟ್ರ್ಯಾಮ್ ಓಡಿಸಿದ ಕುನಿಹಿಕೊ
ಈಗ ಒಂದು ನಾಯಿಯ ಜೊತೆ ನಡೆಯುತ್ತಿದ್ದಾನೆ.

ಅದರ ಹೆಸರು ಮುಗಿ.
ಅಲ್ಲಿಯ ಮಾತಲ್ಲಿ ಬಾರ್ಲಿ, ಮೈಬಣ್ಣ ನೋಡಿ ಇಟ್ಟದ್ದು.
ನಮ್ಮ ಕಿವಿಗೆ ಮಾತ್ರ ಬೇರೆಯೇ ಕೇಳುತ್ತದೆ:
ಊಟ ಮುಗಿಸು, ಮಾತು ಮುಗಿಸು, ಬಾಗಿಲಲ್ಲಿ ನಿಂತು ಕೈ ಮುಗಿ.
ಪಿಯಾನೊಗಳಿಗೆ ಶ್ರುತಿ ಕೂಡಿಸುವ ಕುರುಡನೊಬ್ಬನಿಗೆ
ಎಂಟು ವರ್ಷ ಕಣ್ಣಾಗಿದ್ದು
ಹೋದ ಮಂಗಳವಾರ ನಿವೃತ್ತಿಯಾದ ಹೆಣ್ಣು.

ಜೇಬಲ್ಲಿ ಚೀಟಿ. ನಾಯಿಶಾಲೆಯವರು ಬರೆದದ್ದು,
ಹೆಂಡತಿ ಚಿಝುಕೊ ಕೆಂಪು ಪೆನ್ಸಿಲಿನಲ್ಲಿ ತಿದ್ದಿದ್ದು.
ಜಾರದ ಚಾಪೆ: ತಗೋ, ಸೊಂಟ ಸವೆದಿದೆ.
ಎತ್ತರದ ಬಟ್ಟಲು: ಬೇಡ, ನಮ್ಮ ಹಳೆಯ ಮಣ್ಣಿನ ಪಾತ್ರೆಯನ್ನು
ಮಣೆಯ ಮೇಲಿಟ್ಟರೆ ಸಾಕು.
ಹಿಮಕ್ಕೆ ಬೂಟು, ನಾಲ್ಕು: ಬೆಲೆ ಕೇಳಿ ನೋಡು.
ಕೇಳಿದ. ಅವನ ಸ್ವಂತ ಬೂಟಿಗಿಂತ ಎಂಟುನೂರು ಯೆನ್ ಹೆಚ್ಚು.
ಮುಗಿಯ ಪಾದ ಎತ್ತಿ ನೋಡಿದ,
ಬೆರಳಸಂದಿಯಲ್ಲಿ ಉಪ್ಪು ತಿಂದ ಕೆಂಪು.
ಮಾತಾಡದೆ ಬುಟ್ಟಿಗೆ ಹಾಕಿದ.

ಅಂಗಡಿಯ ಹುಡುಗಿ ಕೇಳಿದಳು, ತೂಕ ಎಷ್ಟು?
ಇಪ್ಪತ್ತಾರು ಕಿಲೊ. ವಯಸ್ಸು? ಹತ್ತು.
ಇಷ್ಟದ ಆಟ?
ಅಲ್ಲಿ ಅವನು ತಡವರಿಸಿದ.
ನಾಯಿಯ ಕಡೆ ನೋಡಿದ. ಅದೂ ಅವನ ಕಡೆ ನೋಡಿತು,
ಉತ್ತರ ಅವನಿಗೇ ಗೊತ್ತಿರಬೇಕು ಎಂಬ ಹಾಗೆ.

ಬಾಚಣಿಗೆಗಳ ಸಾಲು ದಾಟಿದರೆ
ಮುದಿನಾಯಿಗಳ ಸಾಮಾನು:
ಡೈಪರು, ಮೆಟ್ಟಿಲು, ನೆಕ್ಕಲು ಮೂಳೆಸಾರಿನ ಟ್ಯೂಬು.
ಕೊಕ್ಕೆಯಲ್ಲಿ ಒಂದು ಎದೆಪಟ್ಟಿ, ಬೆನ್ನ ಮೇಲೆ ಹಿಡಿಕೆ.
ಕಾಲು ಸೋತ ದಿನ ಎತ್ತಿ ನಿಲ್ಲಿಸಲು.
ಚೀಟಿಯ ಕೊನೆಯ ಸಾಲು ಅದೇ:
ಈಗಲ್ಲದಿದ್ದರೂ ಬೇಕಾಗುತ್ತದೆ.
ಚಿಝುಕೊಳ ಪೆನ್ಸಿಲು ಆ ಸಾಲನ್ನು ಮುಟ್ಟಿರಲಿಲ್ಲ.

ಅಳತೆ ನೋಡಲೆಂದು ಅವನು ಅದನ್ನು ಕೈಗೆತ್ತಿಕೊಂಡ, ಅಷ್ಟೇ.
ಮುಗಿ ಮುಂದೆ ಬಂದು ತಲೆ ಬಗ್ಗಿಸಿ
ತಾನೇ ಒಳಗೆ ತೂರಿಸಿಕೊಂಡಿತು.
ಬಾಲ ನಿಂತಿತು. ಕಿವಿ ನೆಟ್ಟಗಾಯಿತು.
ಎಡಮಗ್ಗುಲಿಗೆ ಬಂದು ನಿಂತು
ಹೊರಡು ಎನ್ನುವ ಒಂದು ಮಾತಿಗೆ ಕಾಯಿತು.

ಕುನಿಹಿಕೊಗೆ ಗೊತ್ತಿತ್ತು ಇದು.
ನಿವೃತ್ತಿಯ ಮೊದಲ ತಿಂಗಳು ಅಡುಗೆಮನೆಯ ಮೇಜಿನಲ್ಲಿ
ಅವನ ಎಡಗೈ ಗಾಳಿಯಲ್ಲಿ ಹಿಡಿಕೆ ತಿರುಗಿಸುತ್ತಿತ್ತು,
ಸೋಯಾ ಬಾಟಲಿ ಉರುಳಿ ಬಿದ್ದು
ಬೈಸಿಕೊಂಡಿದ್ದ.

ಮೆಲ್ಲಗೆ ತಲೆಯಿಂದ ಬಿಡಿಸಿದ,
ಕಿವಿ ಸಿಕ್ಕದ ಹಾಗೆ.
ಕೊಕ್ಕೆಗೆ ಮರಳಿ ಹಾಕಲಿಲ್ಲ.
ಬುಟ್ಟಿಯ ತಳದಲ್ಲಿಟ್ಟು, ಚಾಪೆ ಮುಚ್ಚಿ,
ಮೇಲೆ ಒಂದು ಹಳದಿ ಚೆಂಡು ಎಸೆದ.
ಚೆಂಡು ಯಾರ ಚೀಟಿಯಲ್ಲೂ ಇರಲಿಲ್ಲ.

ಹೊರಗೆ, ಕಟ್ಟೆಯಂಚಿಗೆ ಮುಗಿ ನಿಂತಿತು.
ಅವನೂ ನಿಂತ. ಹಸಿರು ಬಂತು, ಹೋಯಿತು.
ಐದನೇ ಮಾರ್ಗದ ಗಾಡಿ ಗಡಗಡಿಸಿ ದಾಟಿತು,
ಒಳಗಿನ ಹುಡುಗ ಗುರುತು ಹಿಡಿದು ಗಂಟೆ ಬಾರಿಸಿದ.
ಇಬ್ಬರೂ ಒಬ್ಬರ ಅಪ್ಪಣೆಗೆ ಇನ್ನೊಬ್ಬರು
ಹೀಗೇ ಮೂರು ಹಸಿರು.

ಆಮೇಲೆ ಏನೋ ವಾಸನೆ.
ದೀಪದ ಕಂಬದ ಬುಡದಲ್ಲಿ, ಕರಗಿದ ಹಿಮದಡಿ,
ಯಾವುದೋ ನಾಯಿಯ ಹೋದ ಚಳಿಗಾಲ.
ಮುಗಿ ಅವನ ಮುಖ ನೋಡಿತು, ಕಂಬ ನೋಡಿತು,
ಮತ್ತೆ ಮುಖ.
ಕೆಲಸದ ಹೊತ್ತಲ್ಲಿ ಮೂಸಬಾರದೆಂದು
ಯಾರೋ ಕಲಿಸಿದ್ದಾರೆ, ಚೆನ್ನಾಗಿಯೇ ಕಲಿಸಿದ್ದಾರೆ.

ಅವನು ಹಗ್ಗ ಸಡಿಲ ಬಿಟ್ಟು
ಸಮುದ್ರದ ಕಡೆ ತಿರುಗಿ ನಿಂತ,
ಏನೂ ಕಾಣದವನಂತೆ.
ಚೀಲದ ಹಿಡಿ ಬೆರಳು ಕೊಯ್ಯುತ್ತಿತ್ತು.
ಜೇಬಲ್ಲಿ ಫೋನು ಎರಡು ಸಲ ಗುರ್ರೆಂದಿತು,
ಚಿಝುಕೊ ಇರಬೇಕು, ಬೂಟಿನ ಬೆಲೆ.
ಹಿಂದೆ ಮೂಗಿನ ಸದ್ದು ಶುರುವಾಯಿತು,
ಮೊದಲು ಕಳ್ಳತನದಲ್ಲಿ,
ಆಮೇಲೆ ಜೋರಾಗಿ.